ಮಾರ್ಕಿಗೆ ಮಾರ್ಕು

ಯಾಣದ ಕಪ್ಪು ಶಿಖರಗಳ ಬುಡದಿಂದ ಇಳಿಯುವ ಚಂಡಿಕಾ ಹೊಳೆ ಉಪ್ಪಿನಪಟ್ಟಣದಲ್ಲಿ ಅಘನಾಶಿನಿಯನ್ನು ಕೂಡುತ್ತದೆ. ಮಳೆಗಾಲದಲ್ಲಿ ಆ ನೀರು ಕೆಂಪಾಗಿ ತದಡಿಯ ಅಳಿವೆಗೆ ಬಂದು ಸೇರುವ ಹೊತ್ತಿಗೆ ಅಲ್ಲಿನ ಯಾಂತ್ರಿಕ ಬೋಟುಗಳೆಲ್ಲ ದಡ ಹಿಡಿದಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಅವು ಕಡಲಿಗೆ ಇಳಿಯುವಂತಿಲ್ಲ. ತದಡಿಯಿರಲಿ, ಹೊನ್ನಾವರದ ಕಾಸರಕೋಡಿರಲಿ, ಭಟ್ಕಳದ ಮಾವಿನಕುರ್ವೆಯಿರಲಿ, ಎಂಜಿನ್ ಬಿಚ್ಚಿ ಕಟ್ಟಲು ವರ್ಷದಲ್ಲಿ ಸಿಗುವ ಬಿಡುವು ಇದೇ.

ಈ ಕೆಲಸದಲ್ಲಿ ಲೈನರ್, ಪಿಸ್ಟನ್, ಬೇರಿಂಗ್‌ಗಳು ದುಡ್ಡು ಕೇಳುತ್ತವೆ. ಕ್ಯಾಮ್‌ಶಾಫ್ಟ್ ಮತ್ತು ಟೈಮಿಂಗ್ ಗೇರುಗಳು ಕೇಳುವುದು ಗಮನ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದೇ ಸುತ್ತು. ಗಾಳಿ ಒಳಗೆ ಬಿಡುವ ವಾಲ್ವ್ ಯಾವಾಗ ತೆರೆಯಬೇಕು, ಹೊಗೆ ಹೊರಗೆ ಬಿಡುವುದು ಯಾವಾಗ ಮುಚ್ಚಬೇಕು ಎಂಬುದೆಲ್ಲ ಕ್ಯಾಮಿನ ಮೈಮೇಲಿನ ಉಬ್ಬುಗಳಲ್ಲಿದೆ. ಕ್ಯಾಮ್ ಗೇರಿಗೆ 40 ಹಲ್ಲು ಎಂದಿಟ್ಟುಕೊಳ್ಳಿ. ಕೂರಿಸುವಾಗ ಒಂದು ಹಲ್ಲು ತಪ್ಪಿದರೆ ಕ್ಯಾಮ್ 9 ಡಿಗ್ರಿ ಹಿಂದೋ ಮುಂದೋ ಆಯಿತು. ಕ್ರ್ಯಾಂಕ್ ಲೆಕ್ಕದಲ್ಲಿ ಅದು 18 ಡಿಗ್ರಿ. ಎಂಜಿನ್ ಹೊಗೆ ಉಗುಳುತ್ತದೆ, ಎಳೆತ ಕಳೆದುಕೊಳ್ಳುತ್ತದೆ. ತಪ್ಪು ಇನ್ನೂ ದೊಡ್ಡದಾದರೆ ಪಿಸ್ಟನ್ ಮೇಲೆ ಬಂದು ವಾಲ್ವಿಗೇ ಬಡಿಯುತ್ತದೆ.

ಕ್ಯಾಮ್ ಒಳಗೆ ಹೋಗುವುದನ್ನು ನಿಂತು ನೋಡಬೇಕು. ಬುಷ್‌ಗಳಿಗೆ ಎಣ್ಣೆ ಸವರಿ, ಶಾಫ್ಟನ್ನು ನಿಧಾನ ತಿರುಗಿಸುತ್ತ ತಿರುಗಿಸುತ್ತ ಬಿಡುತ್ತಾರೆ. ನೂಕುವ ಮಾತೇ ಇಲ್ಲ. ಉಬ್ಬಿನ ಅಂಚು ತಾಗಿ ಗೆರೆ ಬಿದ್ದರೆ ಆ ಬುಷ್ ಹೋದಂತೆ. ಹೊಸ ಕ್ಯಾಮಿಗೆ ಹೊಸ ಟ್ಯಾಪೆಟ್‌ಗಳನ್ನೇ ಹಾಕಬೇಕು. ಹಳೆಯವು ಹಳೆಯ ಉಬ್ಬಿಗೆ ತಕ್ಕಂತೆ ಸವೆದಿರುತ್ತವೆ, ಹೊಸದನ್ನೂ ಬೇಗ ತಿನ್ನುತ್ತವೆ. ಇಲ್ಲಿ ಉಳಿಸಿದ ಕಾಸು ನಿಜಕ್ಕೂ ಉಳಿತಾಯವಲ್ಲ. ಶಾಫ್ಟಿಗೆ ಬಿಗಿಯಾಗಿ ಕೂರುವ ಗೇರಾದರೆ ಸುತ್ತಿಗೆಯ ಏಟು ಹಾಕುವಂತಿಲ್ಲ. ಬಿಸಿ ಎಣ್ಣೆಯಲ್ಲಿ ಕಾಯಿಸುತ್ತಾರೆ, ಹಿಗ್ಗಿದ ಗೇರು ಸಲೀಸಾಗಿ ಏರಿ, ತಣಿದು ಕಚ್ಚಿಕೊಳ್ಳುತ್ತದೆ. ಎತ್ತಿನಗಾಡಿಯ ಚಕ್ರಕ್ಕೆ ಹಳಿ ಕಾಯಿಸಿ ತೊಡಿಸುತ್ತಿದ್ದ ಕಮ್ಮಾರರ ವಿದ್ಯೆಯೇ ಇದು.

ಆಮೇಲೆ ಮಾರ್ಕು. ಮೊದಲ ಪಿಸ್ಟನ್ ಮೇಲ್ತುದಿಗೆ ಬಂದಾಗ ಕ್ರ್ಯಾಂಕ್ ಗೇರು, ನಡುವಿನ ಐಡ್ಲರ್, ಕ್ಯಾಮ್ ಗೇರು, ಇವುಗಳ ಹಲ್ಲಿನ ಬಳಿ ಕೊರೆದ ಚುಕ್ಕಿಗಳು ಒಂದಕ್ಕೊಂದು ಎದುರಾಗಬೇಕು. ಡೀಸೆಲ್ ಪಂಪು ತಿರುಗುವುದೂ ಈ ಗೇರುಗಳ ಸಾಲಿನಿಂದಲೇ ಆದರೆ ಅದರ ಮಾರ್ಕೂ ಜೊತೆಗೇ ಕೂಡಬೇಕು.

ಸ್ಟಾರ್ಟರ್ ಮುಟ್ಟುವ ಮೊದಲು ಬಾರ್ ಹಾಕಿ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸುತ್ತಾರೆ. ಎಲ್ಲಾದರೂ ತಡೆದರೆ ಬಲ ಹಾಕುವುದಿಲ್ಲ, ನಿಲ್ಲಿಸುತ್ತಾರೆ. ಹೊಸದಾಗಿ ಕಲಿಯುವ ಹುಡುಗರು ಹೆದರುವುದು ಇಲ್ಲಿಯೇ: ಎರಡು ಸುತ್ತಾದರೂ ಐಡ್ಲರಿನ ಚುಕ್ಕಿ ಎದುರು ಬಂದಿರುವುದಿಲ್ಲ. ಅದರ ಹಲ್ಲಿನ ಎಣಿಕೆ ಬೇರೆ. ಎಲ್ಲ ಚುಕ್ಕಿಗಳು ಮತ್ತೆ ಕೂಡಲು ಹಲವು ಸುತ್ತು ಬೇಕು. ಬಲ್ಲವರು ಆಗ ವಾಲ್ವ್‌ಗಳನ್ನು ನೋಡುತ್ತಾರೆ. 1-5-3-6-2-4 ಕ್ರಮದಲ್ಲಿ ಉರಿಯುವ ಆರು ಸಿಲಿಂಡರಿನ ಎಂಜಿನ್‌ನಲ್ಲಿ ಒಂದನೆಯದು ಒತ್ತಡದ ತುದಿಗೆ ಬಂದಾಗ ಆರನೆಯದರ ಎರಡೂ ವಾಲ್ವ್‌ಗಳು ಅಲುಗಬೇಕು, ಒಂದು ಮುಚ್ಚುತ್ತ, ಇನ್ನೊಂದು ತೆರೆಯುತ್ತ. ಹಾಗೆ ಅಲುಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಟೈಮಿಂಗ್ ಕವರ್ ಮುಚ್ಚುವುದು.