ಹಳೆಯ ಮನೆಗೆ ಒಪ್ಪುವ ದೀಪ

ರೋಣ ತಾಲೂಕಿನ ಯಾವಗಲ್ ಮೊದಲಾದ ಎರೆಭೂಮಿಯ ಊರುಗಳ ಮಣ್ಣಿನ ಮಾಳಿಗೆಯ ಮನೆಗಳನ್ನು ನಮ್ಮ ಹಿರಿಯರು ಹಣತೆಯ ಬೆಳಕಿನ ಅಳತೆಗೆ ಕಟ್ಟಿದರು. ಹಗಲಿಗೆ ಬೆಳಕಿಂಡಿ, ಇರುಳಿಗೆ ಗೋಡೆಯೊಳಗಿನ ದೀಪದ ಗೂಡು. ಇಂತಹ ಪಡಸಾಲೆಗೆ ಬೆಳ್ಳನೆಯ ಟ್ಯೂಬ್‌ಲೈಟ್ ಒಂದನ್ನು ಬಿಗಿದೊಡನೆ ಕಂಬದ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ವೃದ್ಧರ ಕಣ್ಣು ಕುಕ್ಕುತ್ತದೆ. ಮೂಲೆಗಳು ಮಾತ್ರ ಕತ್ತಲೆಯಲ್ಲಿಯೇ ಉಳಿಯುತ್ತವೆ. ಆಗ ಮನೆಯವರು ದೀಪವನ್ನು ದೂರದೆ ಮನೆಯನ್ನು ದೂರಿ, ಕೆಡವಿ ಸ್ಲ್ಯಾಬ್ ಹಾಕಿಸುವ ಮಾತಾಡುತ್ತಾರೆ. ಆ ನಿರ್ಧಾರಕ್ಕೆ ಮೊದಲು ದೀಪವನ್ನು ಬದಲಿಸಿ ನೋಡುವುದು ಲೇಸು.

ಯಂತ್ರದ ಸರಕಿನಿಂದ ಬೇಸತ್ತ ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ (1834–1896) ಮೊದಲಾದವರು ಕೈಕೆಲಸದ ಘನತೆಯನ್ನು ಎತ್ತಿ ಹಿಡಿದರು. ಆ ಪಂಥಕ್ಕೆ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಎಂದು ಹೆಸರು. ಅಮೆರಿಕೆಯಲ್ಲಿ ಡರ್ಕ್ ವ್ಯಾನ್ ಎರ್ಪ್ ಎಂಬ ತಾಮ್ರದ ಕುಶಲಕರ್ಮಿ ಸುತ್ತಿಗೆಯ ಪೆಟ್ಟು ಕಾಣುವಂತೆ ದೀಪಗಳನ್ನು ಮಾಡಿ, ಅಭ್ರಕದ ಮರೆ ಹಾಕಿದನು. ಬೆಳಕು ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ವಿಪರ್ಯಾಸವೆಂದರೆ, ಮಾರಿಸ್‌ನ ಸಾಮಾನುಗಳನ್ನು ಕೊಳ್ಳುವ ಶಕ್ತಿ ಶ್ರೀಮಂತರಿಗೆ ಮಾತ್ರ ಇತ್ತು. ನಮಗೆ ಆ ತೊಡಕಿಲ್ಲ. ಮೇದಾರ ಕೇತಯ್ಯ, ಕುಂಬಾರ ಗುಂಡಯ್ಯನವರ ಕಾಯಕವನ್ನು ಗೌರವಿಸಿದ ನಾಡಿನಲ್ಲಿ ಬಿದಿರು, ಮಣ್ಣು, ಹಿತ್ತಾಳೆಯ ಕೆಲಸಗಾರರು ಇನ್ನೂ ಇದ್ದಾರೆ.

ಖರ್ಚಿನ ಲೆಕ್ಕ ಪೇಟೆಯಿಂದಲ್ಲ, ಅಟ್ಟದಿಂದ ಆರಂಭವಾಗಬೇಕು. ತುಕ್ಕು ಹಿಡಿದ ಕಂದೀಲು, ಅಜ್ಜಿಯ ಕಾಲದ ಹಿತ್ತಾಳೆಯ ತೂಗುದೀಪಗಳನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟು, ಅದೇ ಹಣಕ್ಕೆ ಪ್ಲಾಸ್ಟಿಕ್ಕಿನ ಝೂಮರ್ ತರುವುದು ನಷ್ಟದ ವ್ಯಾಪಾರ. ಕಂದೀಲಿನ ಬತ್ತಿಯ ಜಾಗದಲ್ಲಿ ಹೋಲ್ಡರ್ ಕೂರಿಸಬಹುದು. ಗಾಜಿನೊಳಗೆ ಬಿಸಿ ನಿಂತರೆ ಎಲ್‌ಇಡಿ ಬೇಗ ಕೆಡುವುದರಿಂದ 3 ವ್ಯಾಟಿನ ಸಣ್ಣ ಬಲ್ಬು ಸಾಕು. ಮೇದಾರರಿಂದ ಬುಟ್ಟಿಯನ್ನು ಸಡಿಲವಾಗಿ ಹೆಣೆಸಿ ಬೋರಲು ಹಾಕಿದರೆ ಅದೇ ದೀಪದ ಮರೆ. ಗೋಡೆಯ ಮೇಲೆ ಬೀಳುವ ನೆರಳಿನ ಜಾಲವೇ ಅಲಂಕಾರ. ಬಿದಿರಿನೊಳಗೆ ಹಳೆಯ ತಂತಿಯ ಬಲ್ಬನ್ನು ಮಾತ್ರ ಎಂದಿಗೂ ಹಾಕಬಾರದು, ಅದರ ಕಾವಿಗೆ ಬೆಂಕಿ ಹೊತ್ತೀತು.

ಬಲ್ಬಿನ ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವ ರೂಢಿ ನಮ್ಮಲ್ಲಿ ಕಡಿಮೆ. 2700 ಅಥವಾ 3000 ಕೆಲ್ವಿನ್ ಎಂದಿದ್ದರೆ ಹಣತೆಯ ಹೊಂಬಣ್ಣಕ್ಕೆ ಹತ್ತಿರ. 6500 ಎಂದಿದ್ದರೆ ನೀಲಿ ಛಾಯೆಯ ಬಿಳುಪು. ಪಡಸಾಲೆಗೂ ದೇವರ ಕೋಣೆಗೂ ಮೊದಲನೆಯದೇ ಸರಿ. ಹಳೆಯ 60 ವ್ಯಾಟಿನ ಬಲ್ಬಿನಷ್ಟು ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ದಿನಕ್ಕೆ 5 ಗಂಟೆಯಂತೆ 30 ದಿನ ಉರಿಸಿದರೆ ಮೊದಲಿನದಕ್ಕೆ 9 ಯೂನಿಟ್, ಎರಡನೆಯದಕ್ಕೆ 1.35 ಯೂನಿಟ್. ಆದ್ದರಿಂದ ದೊಡ್ಡ ದೀಪ ಒಂದರ ಬದಲು ಸಣ್ಣ ದೀಪ ಮೂರನ್ನು ಬೇರೆ ಬೇರೆ ಕಡೆ ಇಟ್ಟರೂ ಬಿಲ್ಲು ಏರದು.

ಕೈಬಿಗಿ ಹಿಡಿಯಬಾರದ ಜಾಗ ಒಂದೇ: ವಾಯರಿಂಗು. ಲೋಹದ ದೀಪಕ್ಕೆ ಅರ್ಥಿಂಗ್ ತಂತಿ ಕಡ್ಡಾಯ. ಮಾಳಿಗೆಯ ಮಣ್ಣಿನಲ್ಲಿ ಬರಿಯ ವಾಯರು ಎಳೆದರೆ ಇಲಿ ಕಡಿಯುತ್ತದೆ, ಪೈಪಿನೊಳಗೆ ಹಾಯಿಸಬೇಕು. ಭಾರದ ತೂಗುದೀಪದ ಕೊಂಡಿಯನ್ನು ಗೆದ್ದಲು ತಿಂದ ಜಂತಿಗೆ ಬಿಗಿಯದೆ, ಬಡಗಿಯಿಂದ ಪರೀಕ್ಷೆ ಮಾಡಿಸಿದ ತೊಲೆಗೆ ಬಿಗಿಯಬೇಕು. ನೆತ್ತಿಗೆ ತಾಗದಂತೆ ನೆಲದಿಂದ 7 ಅಡಿ ಅಂತರವಿರಲಿ.

ಎಲ್ಲವನ್ನೂ ಒಮ್ಮೆಗೇ ಮಾಡುವ ಅನುಕೂಲವಿಲ್ಲದವರು ಮೊದಲ ದೀಪವನ್ನು ಪಡಸಾಲೆಗಲ್ಲ, ಬಚ್ಚಲ ದಾರಿಗೂ ಮೆಟ್ಟಿಲಿಗೂ ಹಾಕಿಸಲಿ. ರಾತ್ರಿ ಎದ್ದ ಅಜ್ಜ ಎಡವುವುದು ಅಲ್ಲಿ. ಎರೆಮಣ್ಣಿನ ಧೂಳು ಬಹುಬೇಗ ಕೂರುವುದರಿಂದ ವಾರಕ್ಕೊಮ್ಮೆ ಸ್ವಿಚ್ ಆರಿಸಿ ಒಣಬಟ್ಟೆಯಿಂದ ಒರೆಸಬೇಕು. ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ತಿಕ್ಕುವುದಾದರೆ ಹೋಲ್ಡರ್ ಬಿಚ್ಚಿ, ಕೆಳಗಿಳಿಸಿ ತಿಕ್ಕಿ, ಬಿಸಿಲಿನಲ್ಲಿ ಪೂರ್ತಿ ಆರಿದ ಮೇಲೆಯೇ ಮರಳಿ ತೂಗುಹಾಕಬೇಕು.