ಸೂಪರ್ ಕಂಪ್ಯೂಟರ್‌ಗಳ ವಿದ್ಯುತ್ ಲೆಕ್ಕ

ಯಂತ್ರದ ಬೆಲೆಯನ್ನು ಒಮ್ಮೆ ತೆತ್ತರೆ ಸಾಕು. ವಿದ್ಯುತ್ ಬಿಲ್ಲನ್ನು ಪ್ರತಿ ತಿಂಗಳೂ ತೆರಬೇಕು. ಉದ್ಯಮಿಗಳಿಗೆ ಪರಿಚಿತವಾದ ಈ ಸತ್ಯ ಸೂಪರ್ ಕಂಪ್ಯೂಟರ್‌ಗಳಿಗೂ ಅನ್ವಯಿಸುತ್ತದೆ. 1993ರಲ್ಲಿ ಆರಂಭವಾದ 'ಟಾಪ್ 500' ಪಟ್ಟಿಯು ಯಂತ್ರಗಳ ವೇಗವನ್ನು ಆಧರಿಸಿದ್ದರೆ, 2007ರಲ್ಲಿ ಆರಂಭವಾದ 'ಗ್ರೀನ್ 500' ಪಟ್ಟಿಯು ಪ್ರತಿ ವ್ಯಾಟ್ ವಿದ್ಯುತ್ತಿಗೆ ದೊರೆಯುವ ಗಣನಾ ಸಾಮರ್ಥ್ಯವನ್ನು ಅಳೆಯುತ್ತದೆ.

2008ರಲ್ಲಿ ಅಮೆರಿಕದ 'ರೋಡ್‌ರನ್ನರ್' ಸುಮಾರು 2.35 ಮೆಗಾವ್ಯಾಟ್ ವಿದ್ಯುತ್ ಬಳಸಿ ಒಂದು ಪೆಟಾಫ್ಲಾಪ್ ವೇಗವನ್ನು ದಾಟಿತು. 2022ರಲ್ಲಿ ಅದೇ ದೇಶದ 'ಫ್ರಾಂಟಿಯರ್' ಅದರ ಸಾವಿರ ಪಟ್ಟು ವೇಗವನ್ನು ಸುಮಾರು 21 ಮೆಗಾವ್ಯಾಟ್‌ನಲ್ಲಿ ಸಾಧಿಸಿತು. ಅಂದರೆ ಕೆಲಸ ಸಾವಿರ ಪಟ್ಟು, ವಿದ್ಯುತ್ ಒಂಬತ್ತು ಪಟ್ಟು. ಸೂಕ್ಷ್ಮತರ ಚಿಪ್‌ಗಳು, ಏಕಕಾಲಕ್ಕೆ ಅಸಂಖ್ಯ ಲೆಕ್ಕಗಳನ್ನು ಮಾಡುವ ಗ್ರಾಫಿಕ್ಸ್ ಪ್ರೊಸೆಸರ್‌ಗಳು ಹಾಗೂ ಹವಾನಿಯಂತ್ರಣದ ಬದಲು ನೀರಿನಿಂದ ನೇರವಾಗಿ ತಂಪು ಮಾಡುವ ವಿಧಾನ ಈ ಉಳಿತಾಯಕ್ಕೆ ಮುಖ್ಯ ಕಾರಣಗಳು.

ಆದರೆ ಪ್ರತಿ ಲೆಕ್ಕದ ವೆಚ್ಚ ಇಳಿದರೂ ಒಟ್ಟು ಬಿಲ್ಲು ಇಳಿಯಲಿಲ್ಲ. 2024ರ 'ಎಲ್ ಕ್ಯಾಪಿಟಾನ್' ಬಳಸಿದ್ದು ಸುಮಾರು 30 ಮೆಗಾವ್ಯಾಟ್. ದಕ್ಷತೆ ಹೆಚ್ಚಿದಂತೆ ಬಳಕೆಯೂ ಹೆಚ್ಚಿತು.

ಸಣ್ಣ ಉದ್ದಿಮೆಗೂ ಇದೇ ಲೆಕ್ಕ. ಸದಾ ಒಂದು ಕಿಲೋವ್ಯಾಟ್ ಎಳೆಯುವ ಸರ್ವರ್ ವರ್ಷಕ್ಕೆ 8,760 ಯೂನಿಟ್ ಬಳಸುತ್ತದೆ. ಯೂನಿಟ್ಟಿಗೆ ರೂ. 8 ಎಂದು ಹಿಡಿದರೆ ಐದು ವರ್ಷಗಳಿಗೆ ರೂ. 3,50,400; ತಂಪು ಮಾಡುವ ವೆಚ್ಚ ಪ್ರತ್ಯೇಕ. ಆದ್ದರಿಂದ ಕೊಟೇಶನ್‌ಗಳನ್ನು ಹೋಲಿಸುವಾಗ ಬೆಲೆಯೊಡನೆ ಈ ಮೊತ್ತವನ್ನೂ ಕೂಡಿಸಿ ನೋಡುವುದು ಸೂಕ್ತ. ಅಗ್ಗದ ಯಂತ್ರವೇ ಕೊನೆಗೆ ದುಬಾರಿಯಾಗಬಹುದು.