ಸ್ಲೊವಾಕ್ ಗ್ರಾಂಥಿಕ ಭಾಷೆಯೂ ಕ್ಯಾಥೊಲಿಕ್ ಮತವೂ

ಪೋಲೆಂಡ್ ದೇಶವು ೧೭೭೨ರಿಂದ ೧೭೯೫ರವರೆಗೆ ಮೂರು ಸಲ ಹರಿದು ಹಂಚಿಹೋದ ಮೇಲೆ, ಆರ್ಥೊಡಾಕ್ಸ್ ಮತದ ರಷ್ಯಕ್ಕೂ ಪ್ರಾಟೆಸ್ಟಂಟ್ ಮತದ ಪ್ರಷ್ಯಕ್ಕೂ ನಡುವೆ ಸಿಕ್ಕಿಕೊಂಡ ಅಲ್ಲಿಯ ಜನರಿಗೆ ರೋಮನ್ ಕ್ಯಾಥೊಲಿಕ್ ಮತವೇ ರಾಷ್ಟ್ರದ ಗುರುತಾಯಿತು. ಈ ನಿದರ್ಶನವು ಬಹು ಪ್ರಸಿದ್ಧವಾದುದರಿಂದ, ಪಶ್ಚಿಮ ಸ್ಲಾವರಲ್ಲೆಲ್ಲ ಮತಾಭಿಮಾನವೂ ರಾಷ್ಟ್ರಾಭಿಮಾನವೂ ಬೆರೆತೇ ಬೆಳೆದುವೆಂದು ಭಾವಿಸುವವರು ಅನೇಕರಿದ್ದಾರೆ. ಪೋಲೆಂಡಿಗೆ ತೆಂಕಣ ನೆರೆಯವರಾದ ಸ್ಲೊವಾಕರ ಚರಿತ್ರೆಯನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಅಲ್ಲಿಯೂ ಬಹುಸಂಖ್ಯಾತರು ಕ್ಯಾಥೊಲಿಕರೇ. ಅವರ ಪಾದ್ರಿಗಳು ದೇಶಭಾಷೆಗೆ ಮಾಡಿದ ಸೇವೆಯೂ ಅಲ್ಪವಲ್ಲ. ಆದರೆ ಅಲ್ಲಿ ಮತಭೇದವು ಮೊದಲು ಒಂದೇ ನುಡಿಯ ಜನರನ್ನು ಎರಡು ಬರಹಗಳ ಜನರನ್ನಾಗಿ ಒಡೆಯಿತು. ಎರಡು ಪಕ್ಷದವರೂ ತಮ್ಮ ತಮ್ಮ ಗ್ರಂಥಭಾಷೆಯನ್ನು ಬಿಟ್ಟುಕೊಟ್ಟ ಮೇಲೆಯೇ ಆ ಒಡಕು ಕೂಡಿದುದು.

ಸ್ಲೊವಾಕರಿಗೆ ತಮ್ಮದೆಂಬ ರಾಜ್ಯವಿರಲಿಲ್ಲ. ಅವರ ನಾಡು ಶತಮಾನಗಳ ಕಾಲ ಹಂಗೆರಿ ರಾಜ್ಯದ ಬಡಗಣ ಭಾಗವಾಗಿತ್ತು. ಅಲ್ಲಿ ಆಡಳಿತದ ಭಾಷೆ ಲ್ಯಾಟಿನ್. ಹೀಗಿರಲು ಆಡುನುಡಿಯು ಬರಹಕ್ಕೆ ಬರಬೇಕಾದರೆ ದೇವಾಲಯದ ಬಾಗಿಲಿನಿಂದಲೇ ಬರಬೇಕಾಗಿತ್ತು. ಅಲ್ಪಸಂಖ್ಯಾತರಾದ ಲೂಥರ್ ಮತದವರು ಚೆಕ್ ಭಾಷೆಯ ಕ್ರಾಲಿತ್ಸೆ ಬೈಬಲನ್ನು (೧೫೭೯–೧೫೯೪) ಅಂಗೀಕರಿಸಿ, ಆ ಭಾಷೆಯಲ್ಲಿಯೇ ಓದಿದರು, ಬರೆದರು, ಹಾಡಿದರು; ಟ್ರಾನೊವ್‌ಸ್ಕಿಯು ೧೬೩೬ರಲ್ಲಿ ಅಚ್ಚು ಮಾಡಿಸಿದ ಕೀರ್ತನ ಸಂಗ್ರಹವೂ ಚೆಕ್ ಭಾಷೆಯದೇ. ಚೆಕ್ಕರಲ್ಲಿ ರಕಾರಕ್ಕೆ ಊಷ್ಮಧ್ವನಿ ಬೆರೆತಂತಿರುವ ಒಂದು ವಿಲಕ್ಷಣ ವ್ಯಂಜನವುಂಟು, ಸ್ಲೊವಾಕರಲ್ಲಿ ಅದಿಲ್ಲ. ಪುಸ್ತಕದಲ್ಲಿ ಆ ಅಕ್ಷರ, ನಾಲಗೆಯಲ್ಲಿ ಬರಿಯ ರಕಾರ! ಕ್ಯಾಥೊಲಿಕರಾದರೋ ೧೬೩೫ರಲ್ಲಿ ತರ್ನವ ಪಟ್ಟಣದಲ್ಲಿ ಸ್ಥಾಪಿತವಾದ ಜೆಸೂಟರ ವಿಶ್ವವಿದ್ಯಾನಿಲಯದ ಸುತ್ತಮುತ್ತ, ಪಶ್ಚಿಮ ಸೀಮೆಯ ಆಡುನುಡಿಯನ್ನು ಕೊಂಚ ಸಂಸ್ಕರಿಸಿ ಬಳಸುತ್ತ ಬಂದರು. ಚೆಕ್ ಬೈಬಲ್ ಅವರ ಕಣ್ಣಿಗೆ ಪಾಷಂಡಿಗಳ ಗ್ರಂಥ.

ಈ ಬಳಕೆಗೆ ವ್ಯಾಕರಣದ ಕಟ್ಟು ಹಾಕಿದವನು ಆಂಟನ್ ಬೆರ್ನೊಲಾಕ್ (೧೭೬೨–೧೮೧೩) ಎಂಬ ಪಾದ್ರಿ. ಚಕ್ರವರ್ತಿ ಎರಡನೆಯ ಯೋಸೆಫನು ಪಾದ್ರಿಗಳ ಶಿಕ್ಷಣಕ್ಕಾಗಿ ಬ್ರಾಟಿಸ್ಲಾವದಲ್ಲಿ ತೆರೆದ ಗುರುಮಠದಲ್ಲಿ ಓದಿದ ಆತನು ೧೭೮೭ರಲ್ಲಿ ಅಕ್ಷರ ವಿಚಾರವಾದ ಪ್ರಬಂಧವನ್ನೂ, ೧೭೯೦ರಲ್ಲಿ ವ್ಯಾಕರಣವನ್ನೂ ಪ್ರಕಟಿಸಿದನು. ಜನರ ನುಡಿಯು ಬರಹಕ್ಕೆ ಯೋಗ್ಯವೆಂದು ಸಾಧಿಸುವ ಈ ಎರಡು ಗ್ರಂಥಗಳೂ ಇರುವುದು ಲ್ಯಾಟಿನ್ನಿನಲ್ಲಿ! ನುಡಿದಂತೆ ಬರೆಯಬೇಕೆಂಬುದು ಆತನ ಸೂತ್ರ; ಆದುದರಿಂದ ಉಚ್ಚಾರದಲ್ಲಿ ಭೇದವಿಲ್ಲದ ಎರಡು ಇಕಾರಗಳಲ್ಲೊಂದನ್ನು ಕೈಬಿಟ್ಟನು. ೧೭೯೨ರಲ್ಲಿ ತರ್ನವದಲ್ಲಿ ಒಂದು ವಿದ್ವತ್ಸಂಘ ಹುಟ್ಟಿ ಈ ಭಾಷೆಯ ಪುಸ್ತಕಗಳನ್ನು ಹಂಚಿತು. ಆತನ ಆರು ಸಂಪುಟಗಳ ನಿಘಂಟು ೧೮೨೫–೨೭ರಲ್ಲಿ, ಆತನು ತೀರಿಕೊಂಡ ಮೇಲೆ, ಬೆಳಕಿಗೆ ಬಂದಿತು.

ವ್ಯಾಕರಣ ಮಾತ್ರದಿಂದ ಭಾಷೆಗೆ ಪ್ರತಿಷ್ಠೆ ಬರುವುದಿಲ್ಲ; ಕವಿಯೊಬ್ಬನು ಬೇಕು. ಮಾದುನಿತ್ಸೆ ಎಂಬ ಹಳ್ಳಿಯ ಪಾದ್ರಿಯಾಗಿದ್ದ ಯಾನ್ ಹೊಲ್ಲಿ (೧೭೮೫–೧೮೪೯) ಆ ಕವಿ. ಊರ ಹೊರಗಿನ ತೋಪಿನಲ್ಲಿ ಓಕ್ ಮರವೊಂದರ ಕೆಳಗೆ ಕುಳಿತು ಬರೆಯುತ್ತಿದ್ದ ಈತನು ವರ್ಜಿಲನ ಮಹಾಕಾವ್ಯವನ್ನು ೧೮೨೮ರಲ್ಲಿ ಬೆರ್ನೊಲಾಕನ ಭಾಷೆಗೆ ತಂದನು; ಒಂಬತ್ತನೆಯ ಶತಮಾನದ ಮಹಾಮೊರೇವಿಯದ ಅರಸನನ್ನು ನಾಯಕನನ್ನಾಗಿ ಮಾಡಿ ಹನ್ನೆರಡು ಸರ್ಗಗಳ ‘ಸ್ವಾತೊಪ್ಲುಕ್’ ಎಂಬ ವೀರಕಾವ್ಯವನ್ನು ೧೮೩೩ರಲ್ಲಿ ಹೊರತಂದನು. ಆತನ ಛಂದಸ್ಸು ಬಲಾಘಾತವನ್ನು ಅವಲಂಬಿಸದೆ ಅಕ್ಷರಗಳ ಹ್ರಸ್ವದೀರ್ಘಗಳನ್ನು ಅವಲಂಬಿಸಿದೆ. ಗುರುಲಘುಗಳಲ್ಲಿ ಪಳಗಿದ ನಮಗೆ ಇದು ಸಹಜವಾಗಿ ತೋರಬಹುದು. ಯೂರೋಪಿನ ಆಧುನಿಕ ಭಾಷೆಗಳಲ್ಲಿ ಇದು ವಿರಳ. ಕ್ಯಾಥೊಲಿಕ್ ಪಾದ್ರಿಯಾದರೂ ಆತನು ಆರಿಸಿಕೊಂಡ ವಸ್ತು ಮತಭೇದ ಹುಟ್ಟುವುದಕ್ಕೆ ಬಹು ಹಿಂದಿನದೆಂಬುದನ್ನು ಗಮನಿಸಬೇಕು. ಆತನ ಕಾವ್ಯದ ರಾಷ್ಟ್ರದಲ್ಲಿ ಲೂಥರನ ಅನುಯಾಯಿಗೂ ಎಡೆಯಿತ್ತು. ಆದರೆ ಕಾವ್ಯದ ಭಾಷೆ ಮಾತ್ರ ಒಂದು ಮತದವರದಾಗಿಯೇ ಉಳಿಯಿತು. ಆ ಕಾಲದ ಮತ್ತೊಬ್ಬ ದೊಡ್ಡ ಕವಿ, ಲೂಥರ್ ಮತದ ಪಾದ್ರಿ ಯಾನ್ ಕೊಲ್ಲಾರನು, ಚೆಕ್ಕರೂ ಸ್ಲೊವಾಕರೂ ಒಂದೇ ಸಾಹಿತ್ಯಕ್ಕೆ ಸೇರಿದವರೆಂದು ನಂಬಿ ಚೆಕ್ ಭಾಷೆಯಲ್ಲಿಯೇ ಬರೆದನು.

ಅಷ್ಟರಲ್ಲಿ ಹಂಗೆರಿಯ ಪ್ರಭುವರ್ಗವು ಲ್ಯಾಟಿನ್ನನ್ನು ಕೆಳಗಿಳಿಸಿ ಮಗ್ಯಾರ್ ಭಾಷೆಯನ್ನು ಮೇಲೇರಿಸುವ ಯತ್ನದಲ್ಲಿತ್ತು; ೧೮೪೪ರಲ್ಲಿ ಅದು ರಾಜ್ಯಭಾಷೆಯಾಯಿತು. ಎರಡು ಬರಹಗಳಿಗೆ ಹಂಚಿಹೋದ ಸಣ್ಣ ಜನಾಂಗವು ಇದನ್ನು ಎದುರಿಸುವುದು ಹೇಗೆ? ೧೮೪೩ರ ಜುಲೈ ತಿಂಗಳಲ್ಲಿ ಲ್ಯುದೊವಿತ್ ಶ್ಟೂರ್, ಹುರ್ಬಾನ್, ಹೊಜ ಎಂಬ ಮೂವರು ಹ್ಲಬೊಕೆ ಗ್ರಾಮದಲ್ಲಿ ಸೇರಿ, ಮಧ್ಯ ಸೀಮೆಯ ಆಡುನುಡಿಯನ್ನು ಗ್ರಾಂಥಿಕ ಭಾಷೆಯನ್ನಾಗಿ ಮಾಡಬೇಕೆಂದು ನಿಶ್ಚಯಿಸಿದರು. ಮೂವರೂ ಲೂಥರ್ ಮತದವರು. ತಮ್ಮ ದೇವಾಲಯದ ಭಾಷೆಯನ್ನೇ ತೊರೆಯಹೊರಟಿದ್ದರು. ಮಧ್ಯ ಸೀಮೆಯ ನುಡಿ ಚೆಕ್ ಭಾಷೆಯಿಂದ ದೂರವಾದುದು, ಎಲ್ಲ ಕಡೆಯವರಿಗೂ ತಿಳಿಯುವಂಥದು ಎಂಬ ಕಾರಣಗಳನ್ನು ಅವರು ಕೊಟ್ಟರು. ಅದು ಎರಡು ಮತಗಳಲ್ಲಿ ಯಾವುದರ ಗ್ರಂಥಭಾಷೆಯೂ ಆಗಿರಲಿಲ್ಲವೆಂಬುದೇ ಅದರ ದೊಡ್ಡ ಗುಣವೆಂದು ನನಗೆ ತೋರುತ್ತದೆ. ಸಭೆ ಮುಗಿದೊಡನೆ ಅವರು ನೆಟ್ಟಗೆ ಹೋದುದು ದೊಬ್ರಾ ವೊದಾ ಎಂಬ ಊರಿಗೆ, ಮುದಿ ಹೊಲ್ಲಿಯ ಬಳಿಗೆ. ತಾನು ಜೀವಮಾನವೆಲ್ಲ ಬರೆದ ಭಾಷೆಯನ್ನು ಹಿಂದೆ ಸರಿಸಲು ಬಂದ ತರುಣರನ್ನು ಆತನು ಆದರದಿಂದ ಬರಮಾಡಿಕೊಂಡನು.

ಕೊಲ್ಲಾರನು ಹಾಗೆ ಮಾಡಲಿಲ್ಲ; ೧೮೪೬ರಲ್ಲಿ ಶ್ಟೂರನ ವಿರುದ್ಧವಾಗಿ ಲೇಖನಗಳ ಸಂಕಲನವನ್ನೇ ತಂದನು. ಎಂದರೆ, ಮುಖ್ಯವಾದ ವಿರೋಧ ಬಂದುದು ಬೇರೆ ಮತದಿಂದಲ್ಲ, ಸ್ವಮತದಿಂದ. ೧೮೪೭ರಲ್ಲಿ ಚಾಖ್ತಿತ್ಸೆ ಎಂಬಲ್ಲಿ ಎರಡು ಪಕ್ಷದವರೂ ಕೂಡಿ ಹೊಸ ಭಾಷೆಯನ್ನು ಒಪ್ಪಿದರು. ಉಳಿದ ತೊಡಕನ್ನು ಬಿಡಿಸಿದವನು ಕ್ಯಾಥೊಲಿಕ್ ಪಾದ್ರಿಯಾದ ಮಾರ್ಟಿನ್ ಹತ್ತಲ. ಶ್ಟೂರನು ಕೇವಲ ಉಚ್ಚಾರವನ್ನು ಅನುಸರಿಸಿದರೆ, ಹತ್ತಲನು ೧೮೫೨ರ ವ್ಯಾಕರಣದಲ್ಲಿ ಶಬ್ದವ್ಯುತ್ಪತ್ತಿಗೂ ಬೆಲೆ ಕೊಟ್ಟನು. ‘ಕೊಟ್ಟನು’ ಎಂಬರ್ಥದಲ್ಲಿ ಶ್ಟೂರನು ‘ದೌ’ ಎಂದು ಬರೆದಿದ್ದನು. ಹತ್ತಲನು ಇತರ ಸ್ಲಾವ್ ಭಾಷೆಗಳಿಗೆ ಹೊಂದುವಂತೆ ‘ದಲ್’ ಎಂದನು. ಬಿಟ್ಟುಹೋಗಿದ್ದ ಎರಡನೆಯ ಇಕಾರವನ್ನೂ ಮರಳಿ ಕರೆದುಕೊಂಡನು. ಇಂದಿನ ಸ್ಲೊವಾಕ್ ಬರಹಕ್ಕೆ ಇದೇ ತಳಹದಿ.

೧೮೬೩ರಲ್ಲಿ ‘ಮಾತಿತ್ಸ ಸ್ಲೊವೆನ್ಸ್ಕಾ’ ಎಂಬ ಸಾಹಿತ್ಯಸಂಸ್ಥೆ ಸ್ಥಾಪಿತವಾದಾಗ ಕ್ಯಾಥೊಲಿಕ್ ಬಿಷಪ್ ಮೊಯ್ಜೆಸನು ಅಧ್ಯಕ್ಷನಾದನು, ಲೂಥರ್ ಮತದ ಕುಜ್ಮಾನಿಯು ಉಪಾಧ್ಯಕ್ಷನಾದನು. ಹಂಗೆರಿಯ ಸರ್ಕಾರ ೧೮೭೫ರಲ್ಲಿ ಅದನ್ನು ಮುಚ್ಚಿಸಿತು.

ಇಪ್ಪತ್ತನೆಯ ಶತಮಾನದಲ್ಲಿ ಕ್ಯಾಥೊಲಿಕನೇ ನಿಜವಾದ ಸ್ಲೊವಾಕನೆಂಬ ಭಾವನೆ ರಾಜಕೀಯದಲ್ಲಿ ಬಲಗೊಂಡಿತು. ೧೯೩೯ರಲ್ಲಿ ಜರ್ಮನಿಯ ನೆರಳಿನಲ್ಲಿ ಹುಟ್ಟಿದ ರಾಜ್ಯಕ್ಕೆ ಟಿಸೊ ಎಂಬ ಕ್ಯಾಥೊಲಿಕ್ ಪಾದ್ರಿಯೇ ರಾಷ್ಟ್ರಾಧ್ಯಕ್ಷನಾದನು. ಆ ರಾಜ್ಯವು ೧೯೪೨ರಲ್ಲಿ ಸುಮಾರು ೫೮,೦೦೦ ಯೆಹೂದ್ಯರನ್ನು ಜರ್ಮನರ ವಶಕ್ಕೆ ಒಪ್ಪಿಸಿತು. ಅದರ ಆಜ್ಞೆಗಳು ಹೊರಟುದೂ ಶ್ಟೂರನೂ ಹತ್ತಲನೂ ಕೂಡಿ ರೂಪಿಸಿದ ಭಾಷೆಯಲ್ಲಿಯೇ. ಲೂಥರ್ ಮತದ ದೇವಾಲಯಗಳಲ್ಲಿಯೋ, ಟ್ರಾನೊವ್‌ಸ್ಕಿಯ ಕೀರ್ತನೆಗಳು ಹಳೆಯ ಚೆಕ್ ಭಾಷೆಯಲ್ಲಿ ಆಗಲೂ ಕೇಳಿಬರುತ್ತಿದ್ದುವು.